ರಕ್ತ ಹೇಳುವ ಸಾಕ್ಷ್ಯ, ನಾವು ಕೊಡುವ ತೀರ್ಪು

ತಂದೆಯದು ಎ ಪಾಸಿಟಿವ್, ತಾಯಿಯದು ಬಿ ಪಾಸಿಟಿವ್, ಮಗುವಿನದು ಓ ನೆಗೆಟಿವ್. ಶಾಲೆಯ ಗುರುತಿನ ಚೀಟಿಗೆಂದು ಮಾಡಿಸಿದ ಪರೀಕ್ಷೆಯ ಇಂಥ ವರದಿ ಮನೆಗೆ ಬಂದರೆ ಕೆಲವರ ಮನಸ್ಸಿನಲ್ಲಿ ಮುಳ್ಳು ಮುರಿಯುತ್ತದೆ. ಅಪ್ಪನ ಗುಂಪೂ ಬಂದಿಲ್ಲ, ಅಮ್ಮನ ಗುಂಪೂ ಬಂದಿಲ್ಲ, ಹಾಗಾದರೆ? ಆ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳದೆ ಉಳಿದದ್ದೇ ಸಂಸಾರವನ್ನು ಒಳಗೊಳಗೇ ತಿನ್ನುತ್ತದೆ. ಆದ್ದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಮೂರು ಗುಂಪುಗಳಲ್ಲಿ ಅನುಮಾನಪಡುವಂಥದ್ದು ಏನೇನೂ ಇಲ್ಲ.

ರಕ್ತದ ಗುಂಪನ್ನು ನಿರ್ಧರಿಸುವ ಜೀನ್ ಪ್ರತಿಯೊಬ್ಬರಲ್ಲೂ ಎರಡು ಪ್ರತಿಗಳಲ್ಲಿ ಇರುತ್ತದೆ, ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ. ಎ ಮತ್ತು ಬಿ ತಮ್ಮ ಇರವನ್ನು ತೋರಿಸಿಕೊಳ್ಳುತ್ತವೆ. ಓ ತೋರಿಸಿಕೊಳ್ಳುವುದಿಲ್ಲ. ಆದ್ದರಿಂದ ಎ ಗುಂಪಿನವರೆಂದರೆ ಎರಡೂ ಪ್ರತಿ ಎ ಇರುವವರಾಗಿರಬಹುದು, ಅಥವಾ ಒಂದು ಎ, ಒಂದು ಓ ಇರುವವರಾಗಿರಬಹುದು. ಪರೀಕ್ಷೆಯ ಚೀಟಿ ಈ ವ್ಯತ್ಯಾಸವನ್ನು ಹೇಳುವುದಿಲ್ಲ. ಎ ಗುಂಪಿನ ತಂದೆಯೂ ಬಿ ಗುಂಪಿನ ತಾಯಿಯೂ ಒಂದೊಂದು ಓ ಪ್ರತಿಯನ್ನು ಬಚ್ಚಿಟ್ಟುಕೊಂಡಿದ್ದರೆ ಅವರ ಮಕ್ಕಳು ಎ, ಬಿ, ಎಬಿ, ಓ ಈ ನಾಲ್ಕರಲ್ಲಿ ಯಾವುದೂ ಆಗಬಹುದು. ಪಾಸಿಟಿವ್ ತಂದೆತಾಯಿಗೆ ನೆಗೆಟಿವ್ ಮಗು ಹುಟ್ಟುವುದೂ ಹೀಗೆಯೇ. ಇಬ್ಬರಲ್ಲೂ ಅಡಗಿದ್ದ ನೆಗೆಟಿವ್ ಪ್ರತಿಗಳು ಮಗುವಿನಲ್ಲಿ ಜೊತೆಗೂಡುತ್ತವೆ, ಅಷ್ಟೆ. ಮೇಲೆ ಹೇಳಿದ ದಂಪತಿಯಲ್ಲಿ ಎರಡೂ ಬಗೆಯ ಪ್ರತಿಗಳು ಹೀಗೆ ಅಡಗಿದ್ದರೆ, ಓ ನೆಗೆಟಿವ್ ಮಗು ಹುಟ್ಟುವ ಸಂಭವ 16ರಲ್ಲಿ 1.

ಹಾಗೆಂದು ರಕ್ತದ ಗುಂಪು ಏನನ್ನೂ ಹೇಳುವುದಿಲ್ಲ ಎಂದಲ್ಲ. ಅದು ಹೇಳುವ ಮಾತಿಗೆ ಒಂದು ವ್ಯಾಪ್ತಿಯಿದೆ. ಆ ವ್ಯಾಪ್ತಿಯನ್ನು ತಿಳಿಯದೆ ತೀರ್ಪು ಕೊಟ್ಟಾಗ ಮನೆಗಳು ಮುರಿದಿವೆ, ನಿರಪರಾಧಿಗಳು ದಂಡ ತೆತ್ತಿದ್ದಾರೆ. ಅದಕ್ಕಾಗಿಯೇ ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದಲ್ಲಿ ಗುಂಪುಗಳಿವೆ ಎಂದು 1901ರಲ್ಲಿ ಪ್ರಕಟಿಸಿದ್ದು, ಮುಂದೆ ರಕ್ತ ಕೊಡುವುದು ಸುರಕ್ಷಿತವಾಗಲು ದಾರಿಯಾಯಿತು. 1910ರಲ್ಲಿ ಎಮಿಲ್ ಫಾನ್ ಡುಂಗರ್ನ್ ಮತ್ತು ಲುಡ್ವಿಕ್ ಹಿರ್ಸ್‌ಫೆಲ್ಡ್ ಈ ಗುಂಪುಗಳು ವಂಶಪಾರಂಪರ್ಯವಾಗಿ ಬರುತ್ತವೆ ಎಂದು ತೋರಿಸಿದರು. ಹೇಗೆ ಬರುತ್ತವೆ ಎಂಬ ಲೆಕ್ಕವನ್ನು 1924ರಲ್ಲಿ ಬಿಡಿಸಿದವನು ವೈದ್ಯನಲ್ಲ, ಫೆಲಿಕ್ಸ್ ಬರ್ನ್‌ಸ್ಟೈನ್ ಎಂಬ ಗಣಿತಜ್ಞ. ಅದೇ ಹೊತ್ತಿಗೆ ಬರ್ಲಿನ್ನಿನ ಫ್ರಿಟ್ಜ್ ಶಿಫ್ ಇದನ್ನು ಪಿತೃತ್ವದ ವ್ಯಾಜ್ಯಗಳಿಗೆ ಅನ್ವಯಿಸತೊಡಗಿದ್ದ. ರಕ್ತ ಆಸ್ಪತ್ರೆಯಿಂದ ಹೊರಟು ಕೋರ್ಟಿನ ಕಟಕಟೆ ಏರಿದ್ದು ಹೀಗೆ.

ಆದರೆ ಎಲ್ಲ ಕೋರ್ಟುಗಳೂ ಅದರ ಮಾತನ್ನು ಕೇಳಲು ಸಿದ್ಧವಿರಲಿಲ್ಲ. ಚಾರ್ಲಿ ಚಾಪ್ಲಿನ್ ಪ್ರಕರಣ ಇದಕ್ಕೆ ಎಲ್ಲಕ್ಕಿಂತ ದೊಡ್ಡ ಉದಾಹರಣೆ. ನಟಿ ಜೋನ್ ಬ್ಯಾರಿ ತನ್ನ ಮಗುವಿಗೆ ಚಾಪ್ಲಿನ್ನನೇ ತಂದೆ ಎಂದು 1943ರಲ್ಲಿ ದಾವೆ ಹೂಡಿದಳು. ರಕ್ತ ಪರೀಕ್ಷೆ ನಡೆಯಿತು. ತಾಯಿಯದು ಎ ಗುಂಪು, ಮಗುವಿನದು ಬಿ, ಚಾಪ್ಲಿನ್ನನದು ಓ. ಮಗುವಿನ ರಕ್ತದಲ್ಲಿರುವ ಬಿ ತಾಯಿಯಿಂದ ಬಂದದ್ದಲ್ಲ, ಅವಳಲ್ಲಿ ಅದು ಇಲ್ಲ. ಅಂದ ಮೇಲೆ ತಂದೆಯಿಂದಲೇ ಬಂದಿರಬೇಕು. ಚಾಪ್ಲಿನ್ನನಲ್ಲಿಯೂ ಅದು ಇಲ್ಲ. ಅವನು ತಂದೆಯಲ್ಲ ಎಂದು ಮೂವರು ವೈದ್ಯರು ಒಮ್ಮತದಿಂದ ಹೇಳಿದರು. ಆಗಿನ ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ರಕ್ತ ಪರೀಕ್ಷೆ ಅಂತಿಮ ಸಾಕ್ಷ್ಯವಾಗಿರಲಿಲ್ಲ. ಮೊದಲ ವಿಚಾರಣೆಯಲ್ಲಿ ಜ್ಯೂರಿಗೆ ಒಮ್ಮತ ಬರಲಿಲ್ಲ. 1945ರ ಎರಡನೇ ವಿಚಾರಣೆಯಲ್ಲಿ ಜ್ಯೂರಿ ಚಾಪ್ಲಿನ್ನನನ್ನೇ ತಂದೆ ಎಂದು ಸಾರಿತು. ಮಗುವಿಗೆ 21 ವರ್ಷ ತುಂಬುವವರೆಗೂ ವಾರಕ್ಕೆ 75 ಡಾಲರ್ ಕೊಡಬೇಕೆಂದು ಆದೇಶವಾಯಿತು. ಆ ರಾಜ್ಯದಲ್ಲಿ ರಕ್ತ ಪರೀಕ್ಷೆಗೆ ಮನ್ನಣೆ ಕೊಡುವ ಕಾಯ್ದೆ ಬಂದದ್ದು 1953ರಲ್ಲಿ.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಆ ಪರೀಕ್ಷೆ ಚಾಪ್ಲಿನ್ ತಂದೆ 'ಅಲ್ಲ' ಎಂದು ಹೇಳಬಲ್ಲದಾಗಿತ್ತು. ಒಂದು ವೇಳೆ ಅವನದೂ ಬಿ ಗುಂಪೇ ಆಗಿದ್ದರೆ? ಆಗ ಅವನು ತಂದೆ 'ಹೌದು' ಎಂದಾಗುತ್ತಿತ್ತೇ? ಖಂಡಿತ ಇಲ್ಲ. ಬಿ ಅಥವಾ ಎಬಿ ಗುಂಪಿನ ಯಾವ ಗಂಡಸೂ ಆ ಮಗುವಿನ ತಂದೆಯಾಗಿರಬಹುದಿತ್ತು. ನಮ್ಮ ದೇಶದಲ್ಲಾದರೆ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಈ ಎರಡು ಗುಂಪುಗಳಿಗೆ ಸೇರಿದವರು. ರಕ್ತದ ಗುಂಪಿಗೆ 'ಅಲ್ಲ' ಎನ್ನುವ ಶಕ್ತಿ ಇದೆ, 'ಹೌದು' ಎನ್ನುವ ಶಕ್ತಿ ಇಲ್ಲ. ಆ 'ಅಲ್ಲ' ಎನ್ನುವ ಶಕ್ತಿಯೂ ಎಲ್ಲರಿಗೂ ಒದಗುವುದಿಲ್ಲ. ಎಬಿಒ ಒಂದನ್ನೇ ನೆಚ್ಚಿಕೊಂಡರೆ, ಸುಳ್ಳು ಆರೋಪ ಹೊತ್ತ ಐದಾರು ಗಂಡಸರಲ್ಲಿ ಒಬ್ಬನನ್ನು ಮಾತ್ರ ಅದು ಬಿಡಿಸಬಲ್ಲದು.

ಆ ಶಕ್ತಿಯನ್ನು ಹೆಚ್ಚಿಸಲೆಂದೇ ವಿಜ್ಞಾನಿಗಳು ರಕ್ತದಲ್ಲಿ ಬೇರೆ ಬೇರೆ ಗುರುತುಗಳನ್ನು ಹುಡುಕುತ್ತ ಹೋದರು. 1927ರಲ್ಲಿ ಎಂಎನ್ ಗುಂಪು ಸಿಕ್ಕಿತು, 1940ರಲ್ಲಿ ಪಾಸಿಟಿವ್, ನೆಗೆಟಿವ್ ಎಂದು ಹೇಳುವ ಆರ್‌ಎಚ್. ಮುಂದೆ ರಕ್ತದ ದ್ರವದಲ್ಲಿರುವ ಹ್ಯಾಪ್ಟೋಗ್ಲೋಬಿನ್‌ನಂಥ ಪ್ರೋಟೀನುಗಳು, ಕೆಂಪು ಕಣಗಳಲ್ಲಿರುವ ಪಿಜಿಎಂನಂಥ ಕಿಣ್ವಗಳು ಸೇರಿಕೊಂಡವು. ಇವೆಲ್ಲವೂ ಮನುಷ್ಯರಿಂದ ಮನುಷ್ಯರಿಗೆ ಸಣ್ಣಪುಟ್ಟ ರೂಪಭೇದ ತೋರಿಸುತ್ತವೆ, ತಂದೆತಾಯಿಯಿಂದ ಮಕ್ಕಳಿಗೆ ನಿಯಮಬದ್ಧವಾಗಿ ಹರಿದುಬರುತ್ತವೆ. 1970ರ ದಶಕದಲ್ಲಿ ಬಿಳಿ ಕಣಗಳ ಮೇಲಿನ ಎಚ್‌ಎಲ್‌ಎ ಗುರುತುಗಳು ಪಿತೃತ್ವ ಪರೀಕ್ಷೆಗೆ ಬಂದ ಮೇಲೆ, ಸುಳ್ಳು ಆರೋಪ ಹೊತ್ತವರಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಮಂದಿಯನ್ನು ಬಿಡಿಸುವುದು ಸಾಧ್ಯವಾಯಿತು.

ಇದೇ ಗುರುತುಗಳು ಅಪರಾಧ ತನಿಖೆಗೂ ಒದಗಿದವು. ಒಣಗಿದ ರಕ್ತದ ಕಲೆಯಿಂದಲೂ ಗುಂಪು ಪತ್ತೆ ಮಾಡುವ ವಿಧಾನವನ್ನು ಇಟಲಿಯ ಲಿಯೋನೆ ಲಾಟೆಸ್ 1915ರಲ್ಲಿಯೇ ರೂಪಿಸಿದ್ದ. ಸುಮಾರು ನೂರಕ್ಕೆ ಎಂಬತ್ತು ಮಂದಿಯ ಎಂಜಲು, ವೀರ್ಯ ಮೊದಲಾದ ಸ್ರಾವಗಳಲ್ಲೂ ಅವರ ರಕ್ತದ ಗುಂಪಿನ ವಸ್ತು ಸೇರಿಕೊಂಡಿರುತ್ತದೆ ಎಂಬುದು ತನಿಖಾಧಿಕಾರಿಗಳಿಗೆ ಇನ್ನೊಂದು ಸುಳಿವಾಯಿತು. ಆದರೂ ಅದೇ ಮಿತಿ ಇಲ್ಲಿಯೂ ಇತ್ತು. ಕಲೆಯ ಗುಂಪು ಆರೋಪಿಯ ಗುಂಪಿಗೆ ಹೊಂದದಿದ್ದರೆ ಅವನು ಪಾರು. ಹೊಂದಿದರೆ, ಊರಿನಲ್ಲಿ ಅದೇ ಗುಂಪಿನ ಸಾವಿರಾರು ಜನರಲ್ಲಿ ಅವನೂ ಒಬ್ಬ, ಅಷ್ಟೇ.

ಇನ್ನು 'ಅಲ್ಲ' ಎನ್ನುವ ಮಾತೂ ಕೆಲವೊಮ್ಮೆ ತಪ್ಪಬಹುದು. ಅದನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ನಮ್ಮ ದೇಶವೇ. 1952ರಲ್ಲಿ ಮುಂಬಯಿಯ ವೈದ್ಯ ವೈ.ಎಂ. ಭೇಂಡೆ ಮತ್ತು ಸಂಗಡಿಗರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವಿಚಿತ್ರ ರಕ್ತವೊಂದನ್ನು ವರದಿ ಮಾಡಿದರು. ಅದೇ ಇಂದಿನ 'ಬಾಂಬೆ ಗುಂಪು'. ಎ ಮತ್ತು ಬಿ ಗುರುತುಗಳು ಕೆಂಪು ಕಣದ ಮೇಲೆ ನೇರವಾಗಿ ಅಂಟಿಕೊಳ್ಳುವುದಿಲ್ಲ, ಎಚ್ ಎಂಬ ಇನ್ನೊಂದು ವಸ್ತುವಿನ ಮೇಲೆ ಕೂಡುತ್ತವೆ. ಗೋಡೆಯಲ್ಲಿ ಮೊಳೆ ಇದ್ದರೆ ತಾನೇ ಪಟ ತೂಗುಹಾಕುವುದು! ಬಾಂಬೆ ಗುಂಪಿನವರಲ್ಲಿ ಈ ಎಚ್ ಎಂಬ ಮೊಳೆಯೇ ಇರುವುದಿಲ್ಲ. ಅವರ ವಂಶವಾಹಿಯಲ್ಲಿ ಎ ಅಥವಾ ಬಿ ಇದ್ದರೂ ಅದು ಹೊರಗೆ ಕಾಣದು. ಮಾಮೂಲಿ ಪರೀಕ್ಷೆಯಲ್ಲಿ ಅವರು ಓ ಗುಂಪಿನವರಂತೆ ತೋರುತ್ತಾರೆ. ಇಂಥ ತಾಯಿ ಅಥವಾ ತಂದೆ ತಮ್ಮಲ್ಲಿ ಅಡಗಿರುವ ಬಿ ಜೀನನ್ನು ಮಗುವಿಗೆ ದಾಟಿಸಿದರೆ, ಸಂಗಾತಿಯಿಂದ ಎಚ್ ದೊರೆತ ಆ ಮಗುವಿನಲ್ಲಿ ಬಿ ಪ್ರಕಟವಾಗುತ್ತದೆ. ಆಗ ಚೀಟಿಯಲ್ಲಿ ಕಾಣುವುದು ಏನು? ಓ ಗುಂಪಿನ ತಂದೆ, ಓ ಗುಂಪಿನ ತಾಯಿ, ಬಿ ಗುಂಪಿನ ಮಗು. ಪಠ್ಯಪುಸ್ತಕದ ಪ್ರಕಾರ ಅಸಾಧ್ಯ, ನಿಜದಲ್ಲಿ ಅವರದೇ ಮಗು.

ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರಲ್ಲಿ ಈ ಗುಂಪು ಇದೆ ಎನ್ನುತ್ತಾರೆ. ಯುರೋಪಿನಲ್ಲಿ ಇದು ಅದಕ್ಕಿಂತ ಎಷ್ಟೋ ಪಟ್ಟು ಅಪರೂಪ. ತಂದೆತಾಯಿ ಇಬ್ಬರಿಂದಲೂ ದೋಷದ ಪ್ರತಿ ಬಂದಾಗ ಮಾತ್ರ ಇದು ಕಾಣಿಸಿಕೊಳ್ಳುವುದರಿಂದ, ಸೋದರಮಾವನನ್ನೋ ಸೋದರತ್ತೆಯ ಮಗನನ್ನೋ ಮದುವೆಯಾಗುವ ನಮ್ಮ ಕಡೆಯ ಕುಟುಂಬಗಳಲ್ಲಿ ಸಂಭವ ಹೆಚ್ಚು. ಎ ಮತ್ತು ಬಿ ಎರಡೂ ಒಂದೇ ವರ್ಣತಂತುವಿನಲ್ಲಿ ಜೊತೆಯಾಗಿ ಸಾಗುವ ಇನ್ನೊಂದು ಅಪರೂಪದ ಬಗೆಯಲ್ಲಿ ಎಬಿ ಗುಂಪಿನ ತಾಯಿಗೆ ಓ ಗುಂಪಿನ ಮಗುವೂ ಹುಟ್ಟಬಹುದು. ಇವುಗಳಿಗಿಂತ ಸಾಮಾನ್ಯವಾದ ಕಾರಣವೆಂದರೆ ಪರೀಕ್ಷೆಯ ತಪ್ಪು. ನವಜಾತ ಶಿಶುವಿನ ಕಣಗಳಲ್ಲಿ ಎ, ಬಿ ಗುರುತುಗಳು ಪೂರ್ತಿ ಬಲಿತಿರುವುದಿಲ್ಲ. ಅದರದೇ ಪ್ರತಿಕಾಯಗಳು ಮೊದಲ ಕೆಲವು ತಿಂಗಳು ಹುಟ್ಟಿರುವುದಿಲ್ಲವಾದ್ದರಿಂದ, ದೊಡ್ಡವರಿಗೆ ಮಾಡುವಂತೆ ಫಲಿತಾಂಶವನ್ನು ಇನ್ನೊಂದು ದಿಕ್ಕಿನಿಂದ ತಾಳೆ ನೋಡಲಾಗುವುದಿಲ್ಲ. ಹುಟ್ಟಿದ ದಿನ ಬರೆದ ಗುಂಪನ್ನೇ ಶಾಶ್ವತ ಎಂದುಕೊಳ್ಳಬಾರದು ಎನ್ನುವುದು ಇದಕ್ಕೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಇಂಥ ಚೀಟಿಗಳಿಗೆ ಹೇಳಿ ಮಾಡಿಸಿದಂತಿದೆ.

'ಹೌದು' ಎನ್ನುವ ಶಕ್ತಿ ಬಂದದ್ದು ಡಿಎನ್‌ಎಯಿಂದ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ ಅಲೆಕ್ ಜೆಫ್ರೀಸ್ 1984ರ ಸೆಪ್ಟೆಂಬರ್ 10ರಂದು ಮೊದಲ ಬಾರಿಗೆ ಡಿಎನ್‌ಎ ಬೆರಳಚ್ಚನ್ನು ಕಂಡರು. ಮರುವರ್ಷ ಅದು ಬಳಕೆಗೆ ಬಂದ ಮೊದಲ ಪ್ರಕರಣ ಮನಮುಟ್ಟುವಂಥದ್ದು. ಘಾನಾ ಮೂಲದ ಕುಟುಂಬದ ಬಾಲಕನೊಬ್ಬ ಬ್ರಿಟನ್ನಿನಲ್ಲಿದ್ದ ತಾಯಿಯ ಬಳಿಗೆ ಮರಳಿದಾಗ, ಅವನು ಆಕೆಯ ಮಗನೇ ಅಲ್ಲ ಎಂದು ವಲಸೆ ಅಧಿಕಾರಿಗಳು ತಡೆದರು. ರಕ್ತದ ಗುಂಪು, ಎಚ್‌ಎಲ್‌ಎ ಮುಂತಾದ ಹಳೆಯ ಗುರುತುಗಳೆಲ್ಲ ಅವರಿಬ್ಬರೂ ಸಂಬಂಧಿಕರು ಎಂದವು. ಆದರೆ ಆಕೆ ತಾಯಿಯೋ, ಚಿಕ್ಕಮ್ಮನೋ ಎಂದು ಹೇಳಲಾರದೆ ನಿಂತವು. ತಂದೆಯ ರಕ್ತ ಸಿಗುವಂತಿರಲಿಲ್ಲ. ಜೆಫ್ರೀಸ್ ಉಳಿದ ಮಕ್ಕಳ ಡಿಎನ್‌ಎಯಿಂದ ತಂದೆಯ ಗುರುತುಗಳನ್ನು ಕಟ್ಟಿಕೊಂಡು, ಬಾಲಕ ಆ ತಾಯಿಯ ಮಗನೇ ಎಂದು ತೋರಿಸಿದರು. ತಾಯಿ ಮಗನನ್ನು ಒಂದುಗೂಡಿಸುವುದರಿಂದ ಈ ವಿದ್ಯೆ ಶುರುವಾಯಿತು ಎಂಬುದನ್ನು ನಾವು ನೆನಪಿಡಬೇಕು.

ಅಪರಾಧ ತನಿಖೆಯಲ್ಲಿ ಅದರ ಮೊದಲ ಕೆಲಸ ನಿರಪರಾಧಿಯನ್ನು ಬಿಡಿಸಿದ್ದು. ಲೆಸ್ಟರ್ ಸೀಮೆಯ ನಾರ್‌ಬರೋ ಮತ್ತು ಎಂಡರ್ಬಿ ಹಳ್ಳಿಗಳಲ್ಲಿ 1983ರಲ್ಲೊಮ್ಮೆ, 1986ರಲ್ಲೊಮ್ಮೆ 15 ವರ್ಷದ ಇಬ್ಬರು ಬಾಲಕಿಯರ ಅತ್ಯಾಚಾರ, ಕೊಲೆ ನಡೆಯಿತು. ಅಪರಾಧಿ ಎ ಗುಂಪಿನವನು, ಒಂದು ಬಗೆಯ ಪಿಜಿಎಂ ಕಿಣ್ವ ಉಳ್ಳವನು ಎಂದು ಹಳೆಯ ಪರೀಕ್ಷೆಗಳು ಹೇಳಿದವು. ಅಂಥ ಗಂಡಸರು ಅಲ್ಲಿ ನೂರಕ್ಕೆ ಹತ್ತು ಮಂದಿ ಇದ್ದರು. 17 ವರ್ಷದ ಹುಡುಗನೊಬ್ಬ ಎರಡನೇ ಕೊಲೆಯನ್ನು ಪೊಲೀಸರ ಮುಂದೆ ಒಪ್ಪಿಕೊಂಡೂ ಬಿಟ್ಟ. ಡಿಎನ್‌ಎ ನೋಡಿದಾಗ ಎರಡೂ ಕೊಲೆಗಳು ಒಬ್ಬನವೇ ಎಂದೂ, ಆ ಒಬ್ಬ ಈ ಹುಡುಗನಲ್ಲವೆಂದೂ ತಿಳಿಯಿತು. ಬಳಿಕ ಸುಮಾರು ಐದು ಸಾವಿರ ಗಂಡಸರ ರಕ್ತ ಸಂಗ್ರಹಿಸಲಾಯಿತು. ಮೊದಲು ರಕ್ತದ ಗುಂಪು ಮತ್ತು ಕಿಣ್ವದಿಂದ ಜರಡಿ ಹಿಡಿದು, ಉಳಿದವರಿಗಷ್ಟೇ ಡಿಎನ್‌ಎ ಪರೀಕ್ಷೆ ಮಾಡಿದರು. ಯಾರೂ ಸಿಗಲಿಲ್ಲ. ಕಾಲಿನ್ ಪಿಚ್‌ಫೋರ್ಕ್ ಎಂಬವನು ತನ್ನ ಹೆಸರಿನಲ್ಲಿ ಸಹೋದ್ಯೋಗಿಯೊಬ್ಬನಿಂದ ರಕ್ತ ಕೊಡಿಸಿದ್ದ. ಆ ಸಹೋದ್ಯೋಗಿ ಪಬ್ಬಿನಲ್ಲಿ ಆಡಿದ ಮಾತು ಕಿವಿಗೆ ಬೀಳದಿದ್ದರೆ ಅವನು ಪಾರಾಗುತ್ತಿದ್ದ. 1988ರ ಜನವರಿಯಲ್ಲಿ ಅವನಿಗೆ ಶಿಕ್ಷೆಯಾಯಿತು. ಎಷ್ಟೇ ನಿಖರವಾದ ಪರೀಕ್ಷೆಯೂ ಕೈಗೆ ಬಂದ ಮಾದರಿಯ ಬಗ್ಗೆ ಮಾತ್ರ ಮಾತಾಡಬಲ್ಲದು, ಆ ಮಾದರಿ ಯಾರದೆಂದು ಖಾತ್ರಿಪಡಿಸಿಕೊಳ್ಳುವುದು ಮನುಷ್ಯರ ಹೊಣೆ.

ಭಾರತದಲ್ಲಿ ಈ ವಿದ್ಯೆಯನ್ನು ಕಟ್ಟಿದವರು ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಲಾಲ್‌ಜಿ ಸಿಂಗ್. ಪಟ್ಟೆ ಕಟ್ಟುಹಾವಿನ ಡಿಎನ್‌ಎಯಲ್ಲಿ ತಾವು ಅಧ್ಯಯನ ಮಾಡಿದ್ದ ಪುನರಾವರ್ತನೆಯ ತುಣುಕನ್ನೇ ಬಳಸಿ ಮನುಷ್ಯರ ಗುರುತು ಹಿಡಿಯುವ ದೇಶೀ ವಿಧಾನವನ್ನು ಅವರು ರೂಪಿಸಿದರು. ನಮ್ಮ ನೆರೆಯ ಕೇರಳದ ತಲಶ್ಶೇರಿಯ ಪಿತೃತ್ವ ವ್ಯಾಜ್ಯವೊಂದರಲ್ಲಿ 1989ರಲ್ಲಿ ಇದು ಭಾರತದ ನ್ಯಾಯಾಲಯದ ಮುಂದೆ ಮೊದಲ ಬಾರಿ ಬಂತು.

ಇಂದಿನ ಪರೀಕ್ಷೆ ಹೀಗಿದೆ. ಡಿಎನ್‌ಎಯ ಕೆಲವು ಜಾಗಗಳಲ್ಲಿ ನಾಲ್ಕು ಅಕ್ಷರಗಳ ಒಂದೇ ತುಣುಕು ಸಾಲಾಗಿ ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಎಂಬುದು ಜನರಿಂದ ಜನರಿಗೆ ಬೇರೆ. ಒಂದು ಜಾಗದಲ್ಲಿ ಮಗುವಿಗೆ 11 ಮತ್ತು 16 ಇದೆ ಎನ್ನಿ. ತಾಯಿಗೆ 11 ಮತ್ತು 14 ಇದ್ದರೆ, ಮಗುವಿನ 16 ತಂದೆಯಿಂದ ಬಂದಿರಲೇಬೇಕು. ಒಂದೇ ಜಾಗದಲ್ಲಿ ಹೊಂದಿದರೆ ಅದು ರಕ್ತದ ಗುಂಪಿನಷ್ಟೇ ದುರ್ಬಲ ಸಾಕ್ಷ್ಯ. ಆದರೆ ಒಂದನ್ನೊಂದು ಅವಲಂಬಿಸದ 15, 20 ಜಾಗಗಳನ್ನು ಒಟ್ಟಿಗೆ ನೋಡಿದಾಗ ಆಕಸ್ಮಿಕವಾಗಿ ಎಲ್ಲವೂ ಹೊಂದುವ ಸಂಭವ ಗುಣಿಸುತ್ತ ಗುಣಿಸುತ್ತ ನಗಣ್ಯವಾಗುತ್ತದೆ. ಅಮೆರಿಕದ ರಾಷ್ಟ್ರೀಯ ಡಿಎನ್‌ಎ ಭಂಡಾರ 2017ರಿಂದ ಇಂಥ 20 ಜಾಗಗಳನ್ನು ಕಡ್ಡಾಯವಾಗಿ ನೋಡುತ್ತದೆ. ರಕ್ತದಲ್ಲಿ ಈ ಡಿಎನ್‌ಎ ಸಿಗುವುದು ಬಿಳಿ ಕಣಗಳಿಂದ. ಬಲಿತ ಕೆಂಪು ಕಣಗಳಿಗೆ ಕೋಶಕೇಂದ್ರವೇ ಇಲ್ಲ.

ಇಷ್ಟಾದರೂ ವರದಿಯಲ್ಲಿನ 'ಶೇಕಡಾ 99.99' ಎಂಬ ಅಂಕಿಯನ್ನು ತಿಳಿದು ಓದಬೇಕು. ಸಂಬಂಧವೇ ಇಲ್ಲದ ಬೇರೊಬ್ಬ ಗಂಡಸಿಗೆ ಹೋಲಿಸಿ ಹಾಕಿದ ಲೆಕ್ಕ ಅದು. ಆ ಬೇರೊಬ್ಬ ಪರೀಕ್ಷೆಗೆ ಒಳಗಾದವನ ಅಣ್ಣನೋ ತಮ್ಮನೋ ಆಗಿದ್ದರೆ ಲೆಕ್ಕ ಬದಲಾಗುತ್ತದೆ, ಹೆಚ್ಚು ಜಾಗಗಳನ್ನು ನೋಡಬೇಕಾಗುತ್ತದೆ. ಒಳಸಂಬಂಧದ ಮದುವೆಗಳಿರುವ ಕುಟುಂಬದ ವ್ಯಾಜ್ಯದಲ್ಲಿ ಈ ಸಂಗತಿಯನ್ನು ಪ್ರಯೋಗಾಲಯಕ್ಕೆ ತಿಳಿಸಲೇಬೇಕು. ತಂದೆಯಿಂದ ಮಗುವಿಗೆ ದಾಟುವಾಗ ಅಪರೂಪಕ್ಕೆ ಒಂದು ಪುನರಾವರ್ತನೆ ಕೂಡಿಯೋ ಕಳೆದೋ ಬಿಡುತ್ತದೆ. ಆದ್ದರಿಂದ ಒಂದು ಜಾಗದಲ್ಲಿ ಹೊಂದದ ಮಾತ್ರಕ್ಕೆ 'ಅಲ್ಲ' ಎನ್ನಲಾಗದು. ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡವರ ರಕ್ತದಲ್ಲಿ ದಾನಿಯ ಡಿಎನ್‌ಎ ಇರುತ್ತದೆ, ಅವರ ರಕ್ತ ನೋಡಿ ಅವರ ಮಕ್ಕಳನ್ನು ತೀರ್ಮಾನಿಸಿದರೆ ಅನ್ಯಾಯವಾಗುತ್ತದೆ.

ಈ ಪರೀಕ್ಷೆಗಳ ಬೆಲೆ ಕರ್ನಾಟಕಕ್ಕೆ ಅತ್ಯಂತ ನೋವಿನಿಂದ ತಿಳಿದದ್ದು 2010ರ ಮೇ 22ರಂದು. ಮಂಗಳೂರಿನ ವಿಮಾನ ದುರಂತದಲ್ಲಿ 158 ಮಂದಿ ಸತ್ತರು. ಸುಟ್ಟು ಗುರುತು ಸಿಗದ ದೇಹಗಳಿಗಾಗಿ ಬಂಧುಗಳ ರಕ್ತದ ಮಾದರಿ ಹೈದರಾಬಾದಿನ ಸಿಡಿಎಫ್‌ಡಿ ಸಂಸ್ಥೆಗೆ ಹೋಯಿತು. ಕೆಲವು ಕುಟುಂಬಗಳಿಗೆ ತಮ್ಮವರು ಸಿಕ್ಕರು. ಕೊನೆಗೂ ಗುರುತಾಗದ 12 ದೇಹಗಳ ಅಂತ್ಯಸಂಸ್ಕಾರ ಕೂಳೂರಿನ ಬಳಿ ನಡೆಯಿತು. ಇಂಥ ಹೊತ್ತಿನಲ್ಲಿ ಅವಸರದಲ್ಲಿ ಮುಖ, ಉಡುಪು, ಒಡವೆ ನೋಡಿ ದೇಹ ಒಪ್ಪಿಸುವುದಕ್ಕಿಂತ ಡಿಎನ್‌ಎ ವರದಿಗೆ ಕಾಯುವುದು ಸತ್ತವರಿಗೂ ಉಳಿದವರಿಗೂ ಮಾಡುವ ನ್ಯಾಯ. ಅಪರಾಧ ಪ್ರಕರಣಗಳಲ್ಲೂ ಅಷ್ಟೇ. ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಕೊಳೆತು ಸಾಕ್ಷ್ಯ ಹಾಳಾಗುತ್ತದೆ. ನೆರಳಿನಲ್ಲಿ ಒಣಗಿಸಿ ಕಾಗದದಲ್ಲಿ ಕಟ್ಟಬೇಕು, ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದು ದಾಖಲಾಗಬೇಕು. ಮಾದರಿಗಳು 48 ಗಂಟೆಯೊಳಗೆ ಪ್ರಯೋಗಾಲಯ ತಲುಪಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನಿರ್ದೇಶನ ಕೊಟ್ಟದ್ದು ಈ ಕಾರಣಕ್ಕೇ.

ಪಿತೃತ್ವದ ವಿಷಯದಲ್ಲಿ ನಮ್ಮ ಕಾನೂನು ಬೇರೆ ದಾರಿ ಹಿಡಿದಿದೆ. ರಕ್ತದ ಗುಂಪೇ ಪತ್ತೆಯಾಗಿರದ 1872ರಲ್ಲಿ ಬಂದ ಸಾಕ್ಷ್ಯ ಕಾಯ್ದೆಯ 112ನೇ ಕಲಂ, ಮದುವೆ ಊರ್ಜಿತದಲ್ಲಿರುವಾಗ ಹುಟ್ಟಿದ ಮಗು ಆ ಗಂಡನ ಮಗುವೇ ಎನ್ನುತ್ತಿತ್ತು. ಮದುವೆ ಮುಗಿದು 280 ದಿನಗಳೊಳಗೆ ಮಗು ಹುಟ್ಟಿದರೆ, ತಾಯಿ ಮರುಮದುವೆಯಾಗಿರದಿದ್ದಲ್ಲಿ, ಆಗಲೂ ಅದೇ ಮಾತು. ಗರ್ಭ ನಿಂತಿರಬಹುದಾದ ಕಾಲದಲ್ಲಿ ಗಂಡ ಹೆಂಡತಿ ಕೂಡಲು ಅವಕಾಶವೇ ಇರಲಿಲ್ಲ ಎಂದು ತೋರಿಸಿದರಷ್ಟೇ ಇದಕ್ಕೆ ವಿನಾಯಿತಿ. ಆ ಕಾಯ್ದೆಯ ಜಾಗದಲ್ಲಿ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಕಲಂ ಅದನ್ನೇ ಉಳಿಸಿಕೊಂಡಿದೆ. ಕೇಳಿದವರಿಗೆಲ್ಲ ರಕ್ತ ಪರೀಕ್ಷೆಗೆ ಆದೇಶ ಕೊಡಲಾಗದು, ಯಾರನ್ನೂ ಬಲವಂತದಿಂದ ಅದಕ್ಕೆ ಒಡ್ಡಲಾಗದು ಎಂದು ಗೌತಮ್ ಕುಂಡು ಪ್ರಕರಣದಲ್ಲಿ 1993ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2014ರ ತೀರ್ಪೊಂದರಲ್ಲಿ, ಡಿಎನ್‌ಎ ವರದಿ ಆಗಲೇ ಎದುರಿಗಿದ್ದಾಗ ಕಾನೂನಿನ ಊಹೆ ಸತ್ಯಕ್ಕೆ ತಲೆಬಾಗಬೇಕು ಎಂದಿತು. ರಾಜಕಾರಣಿ ಎನ್.ಡಿ. ತಿವಾರಿ ಪ್ರಕರಣದಲ್ಲಿ ಮಗನೇ ತನ್ನ ತಂದೆ ಯಾರೆಂದು ತಿಳಿಯುವ ಹಕ್ಕಿಗಾಗಿ ಹೋರಾಡಿ 2012ರಲ್ಲಿ ಗೆದ್ದ. 2023ರಲ್ಲಿ, ಕರ್ನಾಟಕ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ದಂಪತಿಯ ಜಗಳದಲ್ಲಿ ಮಗುವನ್ನು ಸಾಕ್ಷ್ಯದ ಸಾಧನವಾಗಿಸಕೂಡದು ಎಂದು ಎಚ್ಚರಿಸಿತು. ಅವರೇ 2021ರಲ್ಲಿ ನಮ್ಮ ಹೈಕೋರ್ಟಿನಲ್ಲಿದ್ದಾಗ ವಿದ್ಯುತ್ ಸಂಸ್ಥೆ ಕೆಪಿಟಿಸಿಎಲ್‌ನ ಅನುಕಂಪದ ನೌಕರಿಯ ಪ್ರಕರಣದಲ್ಲಿ, ಅಕ್ರಮವೆನ್ನುವುದಿದ್ದರೆ ಅದು ಹೆತ್ತವರ ಸಂಬಂಧಕ್ಕೆ ಸೇರಿದ್ದು, ಹುಟ್ಟಿದ ಮಗುವಿಗಲ್ಲ ಎಂಬ ನಿಲುವು ತಳೆದ ಪೀಠದಲ್ಲಿ ಇದ್ದರು.

ಈ ತೀರ್ಪುಗಳನ್ನು ವಿಜ್ಞಾನಕ್ಕೆ ಬೆನ್ನು ತಿರುಗಿಸುವ ಹಳೆಯ ಕಾಲದ ಹಟ ಎಂದು ಟೀಕಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಚಾಪ್ಲಿನ್ ಪ್ರಕರಣದ ಜ್ಯೂರಿ ಕೈಯಲ್ಲಿದ್ದ ಸತ್ಯವನ್ನು ಕಡೆಗಣಿಸಿತು, ಅದು ತಪ್ಪು. ನಮ್ಮ ನ್ಯಾಯಾಲಯಗಳು ಕೇಳುತ್ತಿರುವ ಪ್ರಶ್ನೆ ಬೇರೆ: ಈ ಸತ್ಯ ಯಾರಿಗೆ ಬೇಕು, ಯಾತಕ್ಕೆ ಬೇಕು, ಅದರ ಬೆಲೆ ತೆರುವವರು ಯಾರು? ತನ್ನ ಮೂಲ ತಿಳಿಯಬೇಕೆಂದು ಮಗನೇ ಕೇಳಿದರೆ ಅದು ಅವನ ಹಕ್ಕು. ಅತ್ಯಾಚಾರಕ್ಕೆ ಒಳಗಾದವಳಿಗೆ, ನಂಬಿಸಿ ಕೈಬಿಟ್ಟವನಿಂದ ಮಗುವಿಗೆ ಜೀವನಾಂಶ ಕೇಳುವವಳಿಗೆ ಡಿಎನ್‌ಎ ದೊಡ್ಡ ಬಲ. ಬರೀ ಸಂಶಯಕ್ಕೆ, ಸೇಡಿಗೆ, ಜೀವನಾಂಶ ತಪ್ಪಿಸಿಕೊಳ್ಳುವುದಕ್ಕೆ ಪುಟ್ಟ ಮಗುವಿನ ಬೆರಳು ಚುಚ್ಚುವುದನ್ನು ಯಾವ ವಿಜ್ಞಾನವೂ ಬಯಸುವುದಿಲ್ಲ.

ಆದ್ದರಿಂದ ಮನೆಯಲ್ಲಿ ಯಾರ ಗುಂಪಾದರೂ ಹೊಂದುತ್ತಿಲ್ಲ ಅನ್ನಿಸಿದರೆ ಮಾಡಬೇಕಾದ್ದು ಇಷ್ಟು. ಹೊಂದಿಕೆ ನಿಜಕ್ಕೂ ಅಸಾಧ್ಯವೇ ಎಂದು ಮೊದಲು ತಿಳಿದವರನ್ನು ಕೇಳಿ. ಬಹುತೇಕ ಸಲ ಅಸಾಧ್ಯವಾಗಿರುವುದಿಲ್ಲ. ಅಸಾಧ್ಯ ಎಂದು ತೋರಿದರೆ ಮೂವರ ರಕ್ತವನ್ನೂ ಮಾನ್ಯತೆ ಪಡೆದ ರಕ್ತನಿಧಿಯಲ್ಲಿ ಮತ್ತೆ ಪರೀಕ್ಷೆ ಮಾಡಿಸಿ, ಎಚ್ ಗುರುತನ್ನೂ ನೋಡಲು ಹೇಳಿ. ಯಾರಾದರೂ ಬಾಂಬೆ ಗುಂಪಿನವರೆಂದು ಗೊತ್ತಾದರೆ ಅದು ಜೀವ ಉಳಿಸುವ ಮಾಹಿತಿ, ಏಕೆಂದರೆ ಅವರಿಗೆ ಓ ಗುಂಪಿನ ರಕ್ತವೂ ಆಗದು, ಬಾಂಬೆ ಗುಂಪಿನದೇ ಬೇಕು. ಇದೆಲ್ಲ ಆಗುವ ಮೊದಲು ಹೆಂಡತಿಯ ಮೇಲೆ ಮಾತು ಬರಕೂಡದು, ಮಗುವಿನ ಕಿವಿಗೆ ಅಂಥ ಮಾತು ಬೀಳಲೇಕೂಡದು. ರಕ್ತದ ಗುರುತು ಒಂದು ಸಾಕ್ಷ್ಯ, ಅದನ್ನು ಪಾಟೀಸವಾಲು ಮಾಡದೆ ಒಪ್ಪಿಕೊಳ್ಳುವ ನ್ಯಾಯಾಧೀಶರಿಲ್ಲ. ಮನೆಯಲ್ಲಿ ನಾವು ಅವರಿಗಿಂತ ಅವಸರದ ನ್ಯಾಯಾಧೀಶರಾಗಬಾರದು.